ಮನೆ ಉಳಿಯಿತು, ಅಂಗಳ?

ಕಾಪು ಹತ್ತಿರದ ಕುಂಜೂರಿನ ಚೌಕಿಮನೆಯನ್ನು ನೋಡಬೇಕೆನ್ನುವವರು ಈಗ ಮಣಿಪಾಲಕ್ಕೆ ಹೋಗಬೇಕು. ಕಾರ್ಕಳ ಬಳಿಯ ಮಿಯಾರಿನ ಮನೆಯೂ ಅಲ್ಲೇ ಇದೆ. ಭಟ್ಕಳದ ನವಾಯತರ ಮನೆ, ಮಂಗಳೂರಿನ ಕ್ರೈಸ್ತ ಕುಟುಂಬದ ಮನೆ, ವೀರಶೈವ ಜಂಗಮ ಮಠ, ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್ ಇವೆಲ್ಲ ಈಗ ಅಕ್ಕಪಕ್ಕದ ಮನೆಗಳು. ಹುಟ್ಟಿದ ಊರಿನಲ್ಲಿ ಒಂದರ ಮುಖ ಒಂದು ಕಂಡಿರದ ಈ ಕಟ್ಟಡಗಳು ಹಸ್ತಶಿಲ್ಪ ಟ್ರಸ್ಟಿನ ಹೆರಿಟೇಜ್ ವಿಲೇಜಿನ ಸುಮಾರು 6 ಎಕರೆ ಜಾಗದಲ್ಲಿ ಒಂದೇ ಕೇರಿಯವರಂತೆ ನಿಂತಿವೆ. ಒಂದೊಂದು ಕಂಬ, ತೊಲೆ, ಮುಚ್ಚಿಗೆಯ ಹಲಗೆಯನ್ನು ಬಿಚ್ಚಿ, ಗುರುತು ಹಾಕಿ, ಸಾಗಿಸಿ, ಮತ್ತೆ ಜೋಡಿಸಿದ ಮನೆಗಳಿವು.

ಇದನ್ನು ನಾನು ಪ್ರವಾಸಿ ತಾಣವಾಗಿ ನೋಡುವ ಬದಲು ಒಂದು ಕೃತಿಯಾಗಿ ಓದಲು ಇಲ್ಲಿ ಪ್ರಯತ್ನಿಸುತ್ತೇನೆ. ಕೃತಿಯೆಂದರೆ ಅದಕ್ಕೊಬ್ಬ ಕರ್ತೃವಿದ್ದಾನೆ, ಆಯ್ಕೆಯಿದೆ, ಬಿಟ್ಟದ್ದಿದೆ, ಕರ್ತೃ ಹೋದಮೇಲೆ ಅದನ್ನು ಕಾಯುವವರಿದ್ದಾರೆ. ಪರಂಪರೆಯ ಕಟ್ಟಡಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಉಳಿಸಿದವನ ಹುಚ್ಚಿನ ಬಗ್ಗೆ, ಕೆತ್ತನೆಯ ಚೆಲುವಿನ ಬಗ್ಗೆ ನಿಂತುಬಿಡುತ್ತದೆ. ಉಳಿದದ್ದನ್ನು ಕಾಯುವವರ, ಅಂದರೆ ಟ್ರಸ್ಟಿಗಳ ಕೆಲಸ ಏನು, ಅವರು ಯಾರ ಪರವಾಗಿ ಏನನ್ನು ಕಾಯುತ್ತಿದ್ದಾರೆ ಎಂಬ ಪ್ರಶ್ನೆ ವಿಮರ್ಶೆಯ ಅಂಗಳಕ್ಕೆ ಬಂದಿರುವುದು ಕಡಿಮೆ. ಆ ಪ್ರಶ್ನೆಯನ್ನು ಒಬ್ಬ ಸಾಹಿತ್ಯದ ವಿದ್ಯಾರ್ಥಿ ಹೇಗೆ ಕೇಳಬಹುದು ಎಂಬುದಷ್ಟೇ ನನ್ನ ಆಸಕ್ತಿ.

ಮೊದಲು ಕರ್ತೃವಿನ ಮಾತು. ವಿಜಯನಾಥ ಶೆಣೈ (1934-2017) ವಾಸ್ತುಶಿಲ್ಪಿಯಲ್ಲ, ಇತಿಹಾಸಕಾರನೂ ಅಲ್ಲ. ಸಿಂಡಿಕೇಟ್ ಬ್ಯಾಂಕಿನ ನೌಕರ, ಸಂಗೀತಪ್ರಿಯ. ಹಳೆಯ ಮನೆಗಳು ಒಂದೊಂದಾಗಿ ಉರುಳಿ, ಅವುಗಳ ಬಾಗಿಲು ಕಂಬಗಳು ಗುಜರಿಗೂ ಒಲೆಗೂ ಹೋಗುತ್ತಿದ್ದ ಕಾಲದಲ್ಲಿ ಅವನ್ನು ಕೊಂಡು ತಂದು, ಮಣಿಪಾಲದಲ್ಲಿ ತನ್ನ ವಾಸಕ್ಕೆ ಒಂದು ಮನೆ ಕಟ್ಟಿಕೊಂಡವರು. ಅದೇ ‘ಹಸ್ತಶಿಲ್ಪ’. ನೋಡಲು ಬರುವವರ ಸಂಖ್ಯೆ ಎಷ್ಟಾಯಿತೆಂದರೆ ಕೊನೆಗೆ ಮನೆಯನ್ನು ನೋಡುಗರಿಗೆ ಬಿಟ್ಟು ಮನೆಯವರೇ ಹೊರಗೆ ಬಂದರು. ಆಮೇಲೆ ಬಿಡಿಭಾಗಗಳ ಸಂಗ್ರಹ ಇಡೀ ಮನೆಗಳ ಸಂಗ್ರಹವಾಗಿ ಬೆಳೆಯಿತು. ಟ್ರಸ್ಟ್ ಹುಟ್ಟಿತು, ರಾಜ್ಯ ಸರ್ಕಾರದಿಂದ ಜಾಗ ಬಂತು, ನಾರ್ವೆ ಮತ್ತು ಫಿನ್ಲೆಂಡಿನಂಥ ದೂರದ ದೇಶಗಳಿಂದಲೂ ನೆರವು ಬಂತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಗಿ ತನ್ನ ಹೆಸರು ಕಳೆದುಕೊಂಡಿತು. ಅದರ ಒಬ್ಬ ನೌಕರ ಬಿಡುವಿನಲ್ಲಿ ಕೂಡಿಹಾಕಿದ್ದು ಮಾತ್ರ ಹೆಸರು ಸಮೇತ ಉಳಿದಿದೆ.

ಒಬ್ಬ ವ್ಯಕ್ತಿಯ ಹಂಬಲ ಟ್ರಸ್ಟಾಗಿ ಮಾರ್ಪಡುವಾಗ ಒಂದು ಮುಖ್ಯ ಬದಲಾವಣೆ ಆಗುತ್ತದೆ. ಟ್ರಸ್ಟ್ ಎಂಬ ವ್ಯವಸ್ಥೆಯಲ್ಲಿ ಆಸ್ತಿಯ ಯಜಮಾನಿಕೆ ಒಬ್ಬರದು, ಅದರ ಫಲ ಇನ್ನೊಬ್ಬರದು. ಸಾರ್ವಜನಿಕ ಧರ್ಮಾದಾಯದ ಟ್ರಸ್ಟಿನಲ್ಲಂತೂ ಫಲಾನುಭವಿಗಳಿಗೆ ಹೆಸರಿಲ್ಲ. ಅದು ಊರು, ಸಮುದಾಯ, ಇನ್ನೂ ಹುಟ್ಟದ ಮಕ್ಕಳು. ಸಂಗ್ರಾಹಕ ತನ್ನ ರುಚಿಗೆ ಉತ್ತರ ಹೇಳಬೇಕಾಗಿಲ್ಲ. ಟ್ರಸ್ಟಿ ಹೇಳಬೇಕು. ಸಾರ್ವಜನಿಕ ಟ್ರಸ್ಟಿನ ಆಡಳಿತ ದಾರಿ ತಪ್ಪಿತೆಂದು ಕಂಡರೆ, ಅದರಲ್ಲಿ ಹಿತಾಸಕ್ತಿಯುಳ್ಳ ಇಬ್ಬರೋ ಹೆಚ್ಚೋ ಜನ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಹೇಳುತ್ತದೆ. ಕಾನೂನಿನ ಜಗಳ ನನ್ನ ವಿಷಯವಲ್ಲ. ಆದರೆ ‘ಹಿತಾಸಕ್ತಿಯುಳ್ಳವರು’ ಎಂಬ ಆ ಮಾತು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಇನ್ನೂರು ವರ್ಷದ ಒಂದು ಚೌಕಿಮನೆಯಲ್ಲಿ ಹಿತಾಸಕ್ತಿ ಇರುವವರು ಯಾರು? ಅದನ್ನು ಕಟ್ಟಿಸಿದ ಕುಟುಂಬವೇ? ಕಟ್ಟಿದ ಆಚಾರಿಗಳ ಮಕ್ಕಳೇ? ಆ ಮನೆಯ ಕಣಜಕ್ಕೆ ಭತ್ತ ಹೊತ್ತು ತಂದ ಒಕ್ಕಲಿನವರ ಮೊಮ್ಮಕ್ಕಳೇ?

ಕರಾವಳಿಗೆ ಟ್ರಸ್ಟಿ ಎಂಬ ಕಲ್ಪನೆ ಇಂಗ್ಲಿಷರಿಂದ ಬಂದ ಹೊಸ ಸರಕಲ್ಲ. ಜಾತ್ರೆಯ ಆಮಂತ್ರಣ ಪತ್ರಿಕೆಯ ಕೊನೆಯಲ್ಲಿ ‘ಆಡಳಿತ ಮೊಕ್ತೇಸರರು’, ‘ಅನುವಂಶಿಕ ಮೊಕ್ತೇಸರರು’ ಎಂಬ ಸಾಲುಗಳನ್ನು ಓದುತ್ತಲೇ ಇಲ್ಲಿಯ ಮಕ್ಕಳು ಬೆಳೆಯುತ್ತಾರೆ. ದೇವರ ಆಸ್ತಿಯನ್ನು ದೇವರ ಪರವಾಗಿ ನೋಡಿಕೊಳ್ಳುವವ ಮೊಕ್ತೇಸರ. ಅದಕ್ಕೂ ಹಿಂದಿನ ಶಾಸನಗಳಿಗೆ ಹೋದರೆ ವಿಚಾರ ಇನ್ನೂ ಖಚಿತವಾಗಿದೆ. ಕಾರ್ಕಳದ ಚತುರ್ಮುಖ ಬಸದಿಯನ್ನು ಭೈರರಸ ಒಡೆಯರ ವಂಶದ ಇಮ್ಮಡಿ ಭೈರವ ಕಟ್ಟಿಸಿದ್ದು 1586ರಲ್ಲಿ. ಅಂಥ ಕಟ್ಟಡಗಳ ಜೊತೆ ಬರುವ ಶಾಸನಗಳು ಕಟ್ಟಿದವರ ಹೊಗಳಿಕೆಗೆ ನಿಲ್ಲುವುದಿಲ್ಲ. ಪೂಜೆಗೆ, ಸೇವೆಗೆ ಬಿಟ್ಟ ಭೂಮಿ ಯಾವುದು, ಅದರ ಉತ್ಪತ್ತಿ ಯಾವುದಕ್ಕೆ ಸಲ್ಲಬೇಕು ಎಂಬ ವಿವರಕ್ಕೆ ಇಳಿಯುತ್ತವೆ. ನಮ್ಮ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಶ್ಲೋಕವೊಂದರ ಇಂಗಿತ ಎಲ್ಲರಿಗೂ ಗೊತ್ತು: ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದು ಹಿರಿದು. ಶಾಸನ ಕೆತ್ತಿಸಿದವರಿಗೆ ಕಟ್ಟಡ ತಾನಾಗಿ ಉಳಿಯುವ ವಸ್ತುವಾಗಿರಲಿಲ್ಲ. ಅದನ್ನು ಉಳಿಸುವ ಗದ್ದೆ, ಭತ್ತ, ಜನ ಸೇರಿದರೆ ಮಾತ್ರ ಅದು ಪೂರ್ಣ.

ಮಣಿಪಾಲದ ಮನೆಗಳನ್ನು ಓದಲು ನನಗೆ ಸಿಕ್ಕ ಮೊದಲ ಸುಳಿವು ಇದು. ಈ ಮನೆಗಳನ್ನು ನಿಲ್ಲಿಸಿದ್ದ ಗದ್ದೆ, ಭತ್ತ, ಜನ ಎಲ್ಲಿ ಹೋದರು?

ಉತ್ತರ ಗುಟ್ಟಿನದೇನಲ್ಲ. ಕರಾವಳಿಯ ದೊಡ್ಡ ಮನೆ ಎಂದರೆ ಗೇಣಿಯ ಮನೆ. ಮೂಲಗೇಣಿ, ಚಾಲಗೇಣಿಗಳ ಮೂಲಕ ಒಕ್ಕಲುಗಳಿಂದ ಬರುವ ಮುಡಿ ಅಕ್ಕಿಯ ಮೇಲೆ ಅದರ ಉಪ್ಪರಿಗೆ ನಿಂತಿತ್ತು. ಬಂಟರು ಮೊದಲಾದ ಅಳಿಯಸಂತಾನದ ಮನೆತನಗಳಲ್ಲಿ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ಮಾಡಿಕೊಟ್ಟಿತು. ಆಮೇಲೆ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಒಕ್ಕಲುಗಳು 7ನೇ ನಂಬರ್ ಫಾರ್ಮ್ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ರಾಜ್ಯದಲ್ಲಿ ಗೇಣಿ ಅತಿ ದಟ್ಟವಾಗಿದ್ದ ಪ್ರದೇಶಗಳಲ್ಲಿ ಅವಿಭಜಿತ ದಕ್ಷಿಣ ಕನ್ನಡವೂ ಒಂದಾದ್ದರಿಂದ ಇಲ್ಲಿ ಅದರ ಪರಿಣಾಮವೂ ಅಷ್ಟೇ ದಟ್ಟವಾಗಿತ್ತು. ಉಳುವವನಿಗೆ ಹೊಲ ಬಂತು, ಧಣಿಯ ಕಣಜ ಬರಿದಾಯಿತು. ಮುಂಬಯಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋದ ಮಕ್ಕಳು ವರ್ಷಕ್ಕೊಮ್ಮೆ ದೈವಕ್ಕೋ ನಾಗನಿಗೋ ಬಂದು ಹೋಗುವವರಾದರು. ನಾಲ್ಕೈದು ಕುಟುಂಬ ಇರಬೇಕಾದ ಚೌಕಿಮನೆಯಲ್ಲಿ ಇಬ್ಬರು ಮುದುಕರು ಉಳಿದರೆ ಮಳೆಗಾಲದ ಮೊದಲು ಮಾಡಿನ ಹಂಚು ಸರಿಸುವುದೂ ಕಷ್ಟ. ಮನೆ ಬಿದ್ದದ್ದು ಹೀಗೆ.

ಇಲ್ಲಿ ಒಂದು ಇಕ್ಕಟ್ಟಿದೆ, ಅದನ್ನು ಮುಚ್ಚಿಡಬಾರದು. ಒಕ್ಕಲನ್ನು ಬಿಡುಗಡೆ ಮಾಡಿದ ಕಾನೂನೇ ಆ ಮನೆಗಳ ಬೆನ್ನು ಮುರಿಯಿತು. ಮಣಿಪಾಲದಲ್ಲಿ ನಿಂತು ‘ಅಯ್ಯೋ, ಎಂಥೆಂಥ ಮನೆಗಳು ಹೋದವು’ ಎಂದು ನಿಟ್ಟುಸಿರು ಬಿಡುವವರು ಆ ನಿಟ್ಟುಸಿರು ಯಾವುದಕ್ಕಾಗಿ ಎಂದು ಒಮ್ಮೆ ಕೇಳಿಕೊಳ್ಳಬೇಕು. ಕೆತ್ತನೆಯ ಕಂಬಕ್ಕಾಗಿಯಾದರೆ ಸರಿ. ಆ ಕಂಬವನ್ನು ಸಾಧ್ಯವಾಗಿಸಿದ ವ್ಯವಸ್ಥೆಗಾಗಿ ಆಗಬಾರದು. ಎರಡನ್ನೂ ಬಿಡಿಸಿ ನೋಡುವುದಕ್ಕೆ ನೋಡುಗನಿಗೆ ನೆರವು ಬೇಕು. ಆ ನೆರವು ಕೊಡುವುದು ಟ್ರಸ್ಟಿಗಳ ಕೆಲಸದ ಭಾಗ ಎಂಬುದು ನನ್ನ ವಾದ.

ಹಳೆಯದನ್ನು ಉಳಿಸಲು ನಮ್ಮಲ್ಲಿ ಈಗ ಎರಡು ದಾರಿಗಳಿವೆ. ಮೊದಲನೆಯದು ಜೀರ್ಣೋದ್ಧಾರ. ಕರಾವಳಿಯ ದೇವಸ್ಥಾನ, ದೈವಸ್ಥಾನಗಳಿಗೆ ಇದು ಚಿರಪರಿಚಿತ. 2025ರಲ್ಲಿ ಬ್ರಹ್ಮಕಲಶೋತ್ಸವ ಕಂಡ ಕಾಪುವಿನ ಹೊಸ ಮಾರಿಗುಡಿಯನ್ನು ನೋಡಿ. ಇಳಕಲ್ಲಿನ ಕೆಂಪು ಶಿಲೆಯಲ್ಲಿ ಗುಡಿ ಪೂರ್ತಿ ಹೊಸದಾಗಿ ಎದ್ದಿತು. ಅಲ್ಲಿ ಹಳೆಯ ಕಟ್ಟಡ ಉಳಿಯಲಿಲ್ಲ, ಉಳಿಯಬೇಕೆಂದು ಭಕ್ತರು ಕೇಳಲೂ ಇಲ್ಲ. ದೇವಿ ಇದ್ದಾಳೆ, ಸೇವೆ ನಡೆಯುತ್ತಿದೆ, ಅಷ್ಟು ಸಾಕು. ಇಲ್ಲಿ ಬಳಕೆ ಉಳಿಯುತ್ತದೆ, ಮರಮಟ್ಟು ಹೋಗುತ್ತದೆ. ಎರಡನೆಯದು ಮಣಿಪಾಲದ ದಾರಿ. ಇಲ್ಲಿ ಮರಮಟ್ಟು ಉಳಿಯುತ್ತದೆ, ಬಳಕೆ ಹೋಗುತ್ತದೆ. ಅಡುಗೆಮನೆಯಿದೆ, ಹೊಗೆಯಿಲ್ಲ. ದೇವರಕೋಣೆಯಿದೆ, ಮನೆಯವರ ಪೂಜೆಯಿಲ್ಲ. ಮೊದಲನೆಯ ದಾರಿ ಹಿಡಿದವರನ್ನು ‘ಕಲೆ ಗೊತ್ತಿಲ್ಲದವರು’ ಎಂದೂ ಎರಡನೆಯ ದಾರಿಯವರನ್ನು ‘ಜೀವ ಗೊತ್ತಿಲ್ಲದವರು’ ಎಂದೂ ಜರೆಯುವುದು ಸುಲಭ. ಎರಡೂ ಅರ್ಧ ಸತ್ಯ. ಒಂದೊಂದೂ ಒಂದೊಂದನ್ನು ಕಳೆದುಕೊಂಡೇ ಇನ್ನೊಂದನ್ನು ಉಳಿಸುತ್ತದೆ.

ಮನೆಯನ್ನು ಇದ್ದಲ್ಲಿಂದ ಎತ್ತಿದರೆ ಏನಾಗುತ್ತದೆಂಬ ಚಿಂತೆ ನಮ್ಮದು ಮಾತ್ರವಲ್ಲ. ಸ್ಮಾರಕವನ್ನು ಅದರ ಇತಿಹಾಸದಿಂದಲೂ ನೆಲೆಯಿಂದಲೂ ಬಿಡಿಸಲಾಗದು, ರಕ್ಷಣೆಗೆ ಬೇರೆ ದಾರಿಯೇ ಇಲ್ಲವೆಂಬಂಥ ಸಂದರ್ಭ ಬಿಟ್ಟರೆ ಅದನ್ನು ಸ್ಥಳಾಂತರಿಸಬಾರದು ಎಂಬುದು 1964ರ ವೆನಿಸ್ ಸನ್ನದಿನ ನಿಲುವು. ಹಾಗೆಂದು ಮಣಿಪಾಲದ ಮಾದರಿ ಅಪರೂಪದ್ದೇನೂ ಅಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ತೆರೆದ ಸ್ಕಾನ್ಸೆನ್ ಇಂಥ ಬಯಲು ವಸ್ತುಸಂಗ್ರಹಾಲಯಗಳ ಹಿರಿಯ. ಚೆನ್ನೈ ಬಳಿ 1996ರಲ್ಲಿ ಆರಂಭವಾದ ದಕ್ಷಿಣಚಿತ್ರದಲ್ಲಿಯೂ ದಕ್ಷಿಣ ಭಾರತದ ಬೇರೆ ಬೇರೆ ಊರುಗಳ ಮನೆಗಳು ಹೀಗೆಯೇ ಬಂದು ನಿಂತಿವೆ. ಶೆಣೈಯವರು ಎತ್ತಿ ತಂದ ಮನೆಗಳಿಗಂತೂ ಇದ್ದಲ್ಲೇ ಇದ್ದಿದ್ದರೆ ಗುಜರಿಯೋ ಗೆದ್ದಲೋ ಗತಿಯಾಗುತ್ತಿತ್ತು. ಪುರಾತತ್ವ ಇಲಾಖೆಯ ರಕ್ಷಣೆ ಸಿಗುವುದು ಘೋಷಿತ ಸ್ಮಾರಕಗಳಿಗೆ. ಚತುರ್ಮುಖ ಬಸದಿಗೆ ಅದು ಸಿಕ್ಕಿದೆ, ಊರಿನ ಖಾಸಗಿ ಮನೆಗೆ ಎಲ್ಲಿಂದ ಸಿಗಬೇಕು? ಆದ್ದರಿಂದ ಸ್ಥಳಾಂತರ ಸರಿಯೋ ತಪ್ಪೋ ಎಂಬ ಚರ್ಚೆ ಇಂದು ಹೆಚ್ಚು ಫಲ ಕೊಡದು. ಸ್ಥಳಾಂತರದಲ್ಲಿ ಸಹಜವಾಗಿಯೇ ಏನೇನು ಹಿಂದೆ ಉಳಿಯುತ್ತದೆ ಎಂದು ಪಟ್ಟಿ ಮಾಡುವುದು ಹೆಚ್ಚು ಉಪಯುಕ್ತ.

ಮನೆಯ ಮುಂದಿನ ಗದ್ದೆ ಬರುವುದಿಲ್ಲ. ನಾಗಬನ ಬರುವುದಿಲ್ಲ. ಕೆಲಸದವರ ಗುಡಿಸಲು ಬರುವುದಿಲ್ಲ, ಏಕೆಂದರೆ ಮಣ್ಣು ಮತ್ತು ಹುಲ್ಲಿಗೆ ನಂಬರ್ ಹಾಕಿ ಸಾಗಿಸಲಾಗದು. ಅಂಗಳವೂ ಬರುವುದಿಲ್ಲ. ಅಂಗಳದ ಅಳತೆ ಬರಬಹುದು, ತುಳಸಿಕಟ್ಟೆ ಬರಬಹುದು. ಅಂಗಳದಲ್ಲಿ ಯಾರು ಎಲ್ಲಿಯವರೆಗೆ ಬರಬಹುದಿತ್ತು ಎಂಬ ಕಣ್ಣಿಗೆ ಕಾಣದ ಗೆರೆ ಬರುವುದಿಲ್ಲ. ಕರಾವಳಿಯ ಮನೆಯ ನಿಜವಾದ ನಕ್ಷೆ ಆ ಗೆರೆಗಳದ್ದು. ಚಾವಡಿಯ ಮೇಲೆ ಕೂರುವವರು, ಜಗಲಿಯ ಅಂಚಿನಲ್ಲಿ ಕೂರುವವರು, ಅಂಗಳದಲ್ಲಿ ನಿಲ್ಲುವವರು, ಅಂಗಳದಾಚೆಯಿಂದಲೇ ಕೂಗುವವರು, ಹಿತ್ತಿಲ ಬಾಗಿಲಿನಿಂದ ಬರುವ ಹೆಂಗಸರು. ಇಂದು ಟಿಕೆಟ್ ಪಡೆದ ಎಲ್ಲರೂ ಚಾವಡಿ ಹತ್ತಬಹುದು. ಇದು ಒಳ್ಳೆಯದೇ. ಆದರೆ ಹತ್ತಲಾಗದ ಕಾಲವೊಂದಿತ್ತು ಎಂಬುದನ್ನು ಮರವೇ ಎದ್ದು ಹೇಳುವುದಿಲ್ಲ. ಇದನ್ನು ಶೆಣೈಯವರ ಲೋಪವೆನ್ನಲಾಗದು, ಇದು ಮರದ ಗುಣ. ಮರ ತನ್ನನ್ನು ಕೆತ್ತಿದ ಕೈಯ ನೈಪುಣ್ಯವನ್ನು ನೂರಾರು ವರ್ಷ ಹಿಡಿದಿಟ್ಟುಕೊಳ್ಳುತ್ತದೆ, ತನ್ನ ಮುಂದೆ ಕೈಕಟ್ಟಿ ನಿಂತವನ ಗುರುತು ಇಟ್ಟುಕೊಳ್ಳುವುದಿಲ್ಲ.

ಆ ಗುರುತನ್ನು ಇಟ್ಟುಕೊಂಡದ್ದು ನಮ್ಮ ಸಾಹಿತ್ಯ. ಉಳಿಸುವ ಮೂರನೆಯ ದಾರಿಯೆಂದು ನಾನು ಕರೆಯುವುದು ಇದನ್ನು.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಅಂಗಳದಿಂದ ನೋಡಿದ ಮನೆಯ ಕಥೆ. ತುಂಡು ಭೂಮಿಯನ್ನು ಬೇಸಾಯಕ್ಕೆ ಕೇಳಿಕೊಂಡು ಚೋಮ ಧಣಿ ಸಂಕಪ್ಪಯ್ಯನ ಮನೆಯ ಮುಂದೆ ನಿಲ್ಲುತ್ತಾನೆ. ಸಂಕಪ್ಪಯ್ಯ ತುಸು ಕರಗುತ್ತಾನೆ. ಒಳಗಿನಿಂದ ಅವನ ತಾಯಿಯ ಆಕ್ಷೇಪ ಬರುತ್ತದೆ: ಹೊಲೆಯ ಬೇಸಾಯಗಾರನಾಗುವುದೇ? ಒಳಗು, ಚಾವಡಿ, ಅಂಗಳ ಎಂಬ ಮೂರು ನೆಲೆಗಳ ನಡುವೆ ಒಂದು ಬದುಕಿನ ತೀರ್ಮಾನ ನಡೆದುಹೋಗುತ್ತದೆ. ಈ ದೃಶ್ಯವನ್ನು ತಲೆಯಲ್ಲಿಟ್ಟುಕೊಂಡು ಯಾವುದಾದರೂ ಹಳೆಯ ಮನೆಯ ಅಂಗಳದಲ್ಲಿ ನಿಂತು ನೋಡಿ. ಚಾವಡಿಯ ಎತ್ತರ ಬೇರೆಯೇ ಕಾಣುತ್ತದೆ. ನೆಲಮಟ್ಟದಿಂದ ಅದನ್ನು ಎತ್ತರಿಸಿದ್ದು ಮಳೆಯ ನೀರು ಬಾರದಿರಲಿ ಎಂದಷ್ಟೇ ಅಲ್ಲ ಎಂಬುದು ಹೊಳೆಯುತ್ತದೆ.

‘ಮರಳಿ ಮಣ್ಣಿಗೆ’ (1941) ಅದೇ ಮನೆಯನ್ನು ಒಳಗಿನಿಂದ ನೋಡುತ್ತದೆ. ಕೋಡಿಯ ರಾಮ ಐತಾಳರ ಮನೆತನದ ಮೂರು ತಲೆಮಾರು ಅದರಲ್ಲಿದೆ. ಆದರೆ ಆ ಮನೆಯನ್ನು ಕೊನೆಯವರೆಗೆ ಎತ್ತಿ ಹಿಡಿದವರು ಗಂಡಸರಲ್ಲ ಎಂಬುದನ್ನು ಕಾದಂಬರಿಯ ಯಾವ ಓದುಗನೂ ಮರೆಯಲಾರ. ಪಾರೋತಿ, ಸರಸೋತಿ, ಆಮೇಲೆ ನಾಗವೇಣಿ: ಗದ್ದೆ, ಒಲೆ, ಹಟ್ಟಿ ಎಂದು ದುಡಿದ ಈ ಹೆಂಗಸರೇ ಆ ಮನೆಯ ನಿಜವಾದ ಕಂಬಗಳು. ಮಣಿಪಾಲದಲ್ಲೇ ನೆಲೆಸಿರುವ ವೈದೇಹಿಯವರ ಕಥೆಗಳಿಗೆ ಬಂದರೆ ನಾವು ಇನ್ನೂ ಒಳಗೆ, ಅಡುಗೆಮನೆಯ ಕತ್ತಲಿಗೆ ಹೋಗುತ್ತೇವೆ. ಗಂಡನಿಗಾಗಿ ಕಾಯುತ್ತ ಹುಚ್ಚಿಯೆನಿಸಿಕೊಂಡ ‘ಅಕ್ಕು’ವಿಗೆ ತುಂಬಿದ ಮನೆಯಲ್ಲಿ ತನ್ನದೆನ್ನುವ ಮೂಲೆ ಎಷ್ಟಿತ್ತು? ಮುಚ್ಚಿಗೆಯ ಚೆಲುವನ್ನು ಮೆಚ್ಚುವವರು ಈ ಪ್ರಶ್ನೆಯನ್ನು ಕೇಳದೆ ಹೊರಬಂದರೆ ಮನೆಯ ಅರ್ಧವನ್ನಷ್ಟೇ ನೋಡಿದಂತೆ.

ಇಲ್ಲಿ ಒಂದು ಹೋಲಿಕೆ ಉಪಯೋಗಕ್ಕೆ ಬರುತ್ತದೆ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಒಂದು ಪ್ರತಿಷ್ಠಾನ ನೋಡಿಕೊಳ್ಳುತ್ತಿದೆ. ಅದು ಇದ್ದಲ್ಲೇ ಉಳಿದ ಮನೆ, ಸುತ್ತಲಿನ ಕಾಡು ಗುಡ್ಡಗಳೂ ಅಲ್ಲೇ ಇವೆ. ಆದರೆ ಕುಪ್ಪಳಿಯ ಮನೆ ಜೀವಂತವೆನಿಸಲು ಕಾರಣ ಅದೊಂದೇ ಅಲ್ಲ. ಅಲ್ಲಿಗೆ ಹೋಗುವ ಓದುಗ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ಮನಸ್ಸಿನಲ್ಲಿ ಹೊತ್ತೇ ಹೋಗುತ್ತಾನೆ. ಆ ಕಾದಂಬರಿ ಶುರುವಾಗುವುದು ಗೌಡರ ಚಾವಡಿಯಿಂದಲ್ಲ. ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ನಡೆಯುವ ಗುತ್ತಿಯಿಂದ, ಒಬ್ಬ ದಲಿತ ಆಳಿನಿಂದ. ಹಾಗಾಗಿ ಕುಪ್ಪಳಿಯ ತೊಟ್ಟಿಮನೆಯೊಳಗೆ ಕಾಲಿಟ್ಟವನ ಪಕ್ಕದಲ್ಲಿ ಗುತ್ತಿಯೂ ಇರುತ್ತಾನೆ. ಆ ಮನೆಗೊಂದು ಪಠ್ಯವಿದೆ. ಕುಂಜೂರಿನ ಚೌಕಿಮನೆಗೆ, ಮಿಯಾರಿನ ಮನೆಗೆ ಕುವೆಂಪು ಸಿಗಲಿಲ್ಲ. ಅವುಗಳ ಗುತ್ತಿ ಯಾರು, ಅವುಗಳ ಸರಸೋತಿ ಯಾರು? ಅದನ್ನು ಬರೆಯುವ ಹೊಣೆ, ಬೇರಾರೂ ಇಲ್ಲದ್ದರಿಂದ, ಮನೆಯನ್ನು ಕಾಯುವವರ ಮೇಲೆ ಬೀಳುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳು ನನಗೆ ಕೇಳಿಸುತ್ತವೆ. ಮೊದಲನೆಯದು: ‘ಹಸ್ತಶಿಲ್ಪ’ ಎಂಬ ಹೆಸರೇ ಹೇಳುವಂತೆ ಇದು ಕುಶಲಕಲೆಯ ಸಂಗ್ರಹ, ಸಮಾಜಶಾಸ್ತ್ರದ ತರಗತಿಯಲ್ಲ. ನಾನು ಆ ಹೆಸರನ್ನೇ ಹಿಡಿದು ಉತ್ತರಿಸುತ್ತೇನೆ. ಹಸ್ತ ಯಾರದು? ನಾಗಂದಿಗೆಯನ್ನು ಕೆತ್ತಿದ ಆಚಾರಿಗಳ ಹೆಸರು ಮನೆಯ ಹೆಸರಿನಲ್ಲಿಲ್ಲ. ಮನೆಗಳನ್ನು ನಾವು ಕರೆಯುವುದು ಊರಿನಿಂದ, ಮನೆತನದಿಂದ, ನವಾಬನಿಂದ. ಕೈಯನ್ನು ಗೌರವಿಸಬೇಕೆಂಬ ಶೆಣೈಯವರ ಆಸೆಯನ್ನು ಪೂರ್ತಿಗೊಳಿಸಬೇಕಾದರೆ ಕೈಯ ಹಿಂದಿನ ಮೈ, ಅದರ ಕೂಲಿ, ಅದರ ಊಟದ ಜಾಗ ಇವೆಲ್ಲ ಕಥೆಯೊಳಗೆ ಬರಬೇಕು.

ಎರಡನೆಯ ಆಕ್ಷೇಪ ಇದಕ್ಕೆ ಎದುರು ದಿಕ್ಕಿನಿಂದ ಬರುತ್ತದೆ: ಶೋಷಣೆಯ ಮೇಲೆ ನಿಂತ ಮನೆಗಳು ಬಿದ್ದರೆ ಬೀಳಲಿ, ಅವನ್ನು ಉಳಿಸಲು ಯಾಕೆ ಇಷ್ಟು ದುಡ್ಡು, ಇಷ್ಟು ಭಕ್ತಿ? ನನ್ನ ಓರಗೆಯ ಅನೇಕ ಸಂಶೋಧಕರು ಹೀಗೆ ಯೋಚಿಸುತ್ತಾರೆ. ಅದರ ಹಿಂದಿನ ಸಿಟ್ಟು ನನಗೆ ಅರ್ಥವಾಗುತ್ತದೆ, ತೀರ್ಮಾನ ಒಪ್ಪಿಗೆಯಾಗುವುದಿಲ್ಲ. ಧಣಿಯ ಮನೆ ಬಿದ್ದರೆ ಅದರೊಡನೆ ಧಣಿಯ ಸಾಕ್ಷಿ ಮಾತ್ರ ಹೋಗುವುದಿಲ್ಲ. ಅದನ್ನು ಕಟ್ಟಿದವರ, ಗುಡಿಸಿ ಸಾರಿಸಿದವರ, ಅದರ ಅಂಗಳದಲ್ಲಿ ಭತ್ತ ಬಡಿದವರ ಸಾಕ್ಷಿಯೂ ಹೋಗುತ್ತದೆ. ಅವರ ಗುಡಿಸಲುಗಳು ಹೇಗೂ ಉಳಿದಿಲ್ಲ. ಅವರ ದುಡಿಮೆಗೆ ಕಣ್ಣಿಗೆ ಕಾಣುವ ರುಜುವಾತಾಗಿ ಉಳಿದಿರುವುದು ಈ ದೊಡ್ಡ ಮನೆಗಳೇ. ರುಜುವಾತನ್ನು ಉಳಿಸಿ, ಅದು ಏನನ್ನು ರುಜುವಾತುಪಡಿಸುತ್ತದೆ ಎಂದು ಹೇಳಬೇಕು.

ಮೂರನೆಯದು ವ್ಯಾವಹಾರಿಕ. ಹೀಗೆ ಹಳೆಯ ಕಹಿಯನ್ನು ಕೆದಕಿದರೆ ಮನೆ ಕೊಟ್ಟ ಕುಟುಂಬಗಳಿಗೆ ನೋವಾಗುವುದಿಲ್ಲವೇ, ನೋಡುಗರು ಮುನಿಸಿಕೊಳ್ಳುವುದಿಲ್ಲವೇ? ಮುನಿಸಿಕೊಳ್ಳಬಹುದು. ಇಂಗ್ಲೆಂಡಿನಲ್ಲಿ ಹೀಗೆಯೇ ಆಯಿತು. 1895ರಲ್ಲಿ ಸ್ಥಾಪನೆಯಾದ ಅಲ್ಲಿನ ನ್ಯಾಷನಲ್ ಟ್ರಸ್ಟ್ ದೊಡ್ಡ ದೊಡ್ಡ ಬಂಗಲೆ, ತೋಟಗಳನ್ನು ನೋಡಿಕೊಳ್ಳುವ ಧರ್ಮಾದಾಯ ಸಂಸ್ಥೆ. 2020ರ ಸೆಪ್ಟೆಂಬರಿನಲ್ಲಿ ಅದು ಒಂದು ವರದಿ ಹೊರತಂದು, ತನ್ನ ಸುಪರ್ದಿಯ 93 ಜಾಗಗಳಿಗೆ ವಸಾಹತುಶಾಹಿಯೊಡನೆ ಅಥವಾ ಗುಲಾಮಗಿರಿಯೊಡನೆ ಇದ್ದ ನಂಟನ್ನು ದಾಖಲಿಸಿತು. ದೊಡ್ಡ ಗದ್ದಲವೆದ್ದಿತು. ಟ್ರಸ್ಟ್ ತನ್ನ ಉದ್ದೇಶ ಮೀರಿದೆ ಎಂಬ ದೂರುಗಳು ಧರ್ಮಾದಾಯ ಸಂಸ್ಥೆಗಳ ಮೇಲ್ವಿಚಾರಣೆಯ ಆಯೋಗಕ್ಕೆ ಹೋದವು. ಕಾನೂನಿನ ಉಲ್ಲಂಘನೆ ಆಗಿಲ್ಲವೆಂದು ಆಯೋಗ 2021ರಲ್ಲಿ ಹೇಳಿತು. ಇದರಿಂದ ನಾವು ಕಲಿಯಬೇಕಾದ್ದು ಒಂದಿದೆ. ಮನೆ ಕಟ್ಟಲು ದುಡ್ಡು ಎಲ್ಲಿಂದ ಬಂತೆಂದು ಹೇಳುವುದು ಮನೆಯನ್ನು ಕಾಯುವ ಕೆಲಸಕ್ಕೆ ಹೊರಗಿನದಲ್ಲ. ಮನೆತನಗಳ ನೋವಿನ ಬಗ್ಗೆ ಹೇಳುವುದಾದರೆ, ಈ ಕೆಲಸ ದೋಷಾರೋಪ ಪಟ್ಟಿಯಾಗಬೇಕಿಲ್ಲ. ಕಾರಂತರು ಸಂಕಪ್ಪಯ್ಯನನ್ನು ರಾಕ್ಷಸನನ್ನಾಗಿ ಮಾಡಲಿಲ್ಲ. ಮನೆತನದ ಹಿರಿಯರೂ ತಮ್ಮ ಮನೆಯ ಕಷ್ಟದ, ಸಾಲದ, ಬಾಲವಿಧವೆಯರ ಕಥೆಗಳನ್ನು ಹೇಳಿಕೊಳ್ಳಲು ಕಾಯುತ್ತಿರಬಹುದು.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ ಕೆಲಸ ತೀರಾ ಸರಳವಾದದ್ದು, ಮರಗೆಲಸದಷ್ಟು ದುಬಾರಿಯೂ ಅಲ್ಲ. ಒಂದೊಂದು ಮನೆಗೆ ಒಂದೊಂದು ಪುಸ್ತಕ. ಅದರಲ್ಲಿ ನಕ್ಷೆ, ಅಳತೆ, ಮರದ ಜಾತಿ ಇರಲಿ. ಜೊತೆಗೆ ಆ ಮನೆಗೆ ಗೇಣಿ ಬರುತ್ತಿದ್ದ ಊರುಗಳು, ಗೇಣಿಚೀಟಿಗಳು, ಭೂನ್ಯಾಯಮಂಡಳಿಯ ಕಡತಗಳಲ್ಲಿರುವ ವಿವರ ಬರಲಿ. ಮನೆತನದವರ ನೆನಪಿನ ಪಕ್ಕದಲ್ಲೇ ಒಕ್ಕಲಿನವರ, ಕೆಲಸದವರ, ಆಚಾರಿಗಳ ಕುಟುಂಬದವರ ನೆನಪೂ ಇರಲಿ, ಅವರವರ ಭಾಷೆಯಲ್ಲಿ: ತುಳುವಿನಲ್ಲಿ, ಕೊಂಕಣಿಯಲ್ಲಿ, ನವಾಯತಿಯಲ್ಲಿ, ಕುಂದಾಪುರದ ಕನ್ನಡದಲ್ಲಿ. ಮನೆ ಎದ್ದು ಹೋದ ಜಾಗದಲ್ಲಿ ಈಗ ಏನಿದೆ ಎಂಬುದೂ ದಾಖಲಾಗಲಿ. ಪುಸ್ತಕ ಮನೆಯ ಚಾವಡಿಯಲ್ಲೇ ಇರಲಿ, ಬಂದವರು ಕುಳಿತು ಓದಲಿ.

ಟ್ರಸ್ಟಿಗಳಿಗೆ ಇದಕ್ಕೆ ಪೂರಕವಾದ ಒಂದು ಪಾಠ ಉಡುಪಿಯ ರಥಬೀದಿಯಲ್ಲೇ ಇದೆ. ಕೃಷ್ಣಮಠದ ಪೂಜೆಯ ಅಧಿಕಾರ ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಹಿಂದಿನವರು ಮುಂದಿನವರಿಗೆ ಅಕ್ಷಯಪಾತ್ರೆ, ಸಟ್ಟುಗ, ಬೀಗದ ಕೈ ಒಪ್ಪಿಸುತ್ತಾರೆ. ಪರ್ಯಾಯ ಪೀಠದಲ್ಲಿ ಕೂರುವವರಿಗೆ ಏಳುವ ದಿನ ಮೊದಲೇ ಗೊತ್ತಿರುತ್ತದೆ. ಅದರ ಧಾರ್ಮಿಕ ಅರ್ಥ, ಅದರೊಳಗಿನ ಜಾತಿಯ ಎಲ್ಲೆಗಳು ಬೇರೆ ಚರ್ಚೆಯ ವಿಷಯ. ಆಡಳಿತದ ಮಾದರಿಯಾಗಿ ಅದು ಹೇಳುವುದಿಷ್ಟು: ಕಾಯುವವನು ಒಡೆಯನಲ್ಲ, ಸರದಿಯಲ್ಲಿ ಬಂದವನು. ಸ್ಥಾಪಕನ ಕಣ್ಣಿನಿಂದಲೇ ಎಲ್ಲವನ್ನೂ ನೋಡುತ್ತ ಕೂರುವುದು ಸ್ಥಾಪಕನಿಗೆ ನಿಷ್ಠೆ ಇರಬಹುದು, ಫಲಾನುಭವಿಗಳಿಗಲ್ಲ. ಇಂಥ ಯಾವುದೇ ಟ್ರಸ್ಟಿನ ಮಂಡಳಿಯಲ್ಲಿ ವಾಸ್ತುತಜ್ಞರ, ದಾನಿಗಳ ಜೊತೆಗೆ ಒಬ್ಬ ಬಡಗಿ, ಒಕ್ಕಲು ಕುಟುಂಬದ ಒಬ್ಬ ಹೆಂಗಸು ಸರದಿಯ ಮೇಲೆ ಬಂದು ಕುಳಿತರೆ ಮನೆಯ ಪುಸ್ತಕ ತಾನಾಗಿ ಬೇರೆ ಥರ ಬರೆಯಲ್ಪಡುತ್ತದೆ.

ಇದಕ್ಕೆ ಹೆಚ್ಚು ಸಮಯವಿಲ್ಲ. 1974ರಲ್ಲಿ ಇಪ್ಪತ್ತು ವರ್ಷದವರಾಗಿದ್ದು, ಅಪ್ಪನ ಜೊತೆ ಗೇಣಿಯ ಅಕ್ಕಿ ಹೊತ್ತು ಧಣಿಯ ಅಂಗಳಕ್ಕೆ ಹೋದ ನೆನಪುಳ್ಳವರು ಈಗ ಎಪ್ಪತ್ತು ದಾಟಿದ್ದಾರೆ. ಅದೇ ಧಣಿಯ ಮನೆಯಲ್ಲಿ ಸೊಸೆಯಾಗಿ ಬಂದು ಮೂವತ್ತು ಜನಕ್ಕೆ ಬೇಯಿಸಿದವರಿಗೆ ಇನ್ನೂ ಹೆಚ್ಚು ವಯಸ್ಸಾಗಿದೆ. ಕಂಬ ಇನ್ನೂ ನೂರು ವರ್ಷ ಕಾಯಬಲ್ಲದು, ಇವರು ಕಾಯಲಾರರು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಾಲೇಜುಗಳಲ್ಲಿ ಕನ್ನಡ, ಇತಿಹಾಸ ಓದುತ್ತಿರುವ ವಿದ್ಯಾರ್ಥಿಗಳ ಪೈಕಿ ಎಷ್ಟೋ ಜನರ ಅಜ್ಜಿಯಂದಿರು ಇಂಥ ಯಾವುದೋ ಅಂಗಳದ ಒಂದು ಬದಿಯಲ್ಲಿ ನಿಂತವರೇ. ಟ್ರಸ್ಟಿಗಳು ಕೇಳಲಿ, ಕೇಳದಿರಲಿ, ಮೊದಲ ಪುಟವನ್ನು ಬರೆಯಲು ಅವರ ಅಪ್ಪಣೆ ಬೇಕಾಗಿಲ್ಲ. ಈ ರಜೆಯಲ್ಲಿ ಮನೆಗೆ ಹೋದಾಗ ಅಜ್ಜಿಯನ್ನು ಕೇಳಿ: ದೊಡ್ಡ ಮನೆಗೆ ಹೋದರೆ ನೀವು ಎಲ್ಲಿ ನಿಲ್ಲುತ್ತಿದ್ದಿರಿ?